ತಂಗಡಿ ಬೇರು

ಹಂಪವ್ವ ಕೊಕ್ಕನೂರಿಗೆ ಮದುವೆಯಾಗಿ ಬಂದ ಮೂರನೇ ತಿಂಗಳಿಗೇ ತಂಗಡಿ ಚಕ್ಕೆ ಸುಲಿಯುವುದನ್ನು ಕಲಿತಳು. ಕಲಿಸಿದವಳು ಅತ್ತೆ ಉಚ್ಚಂಗಮ್ಮ. ಊರ ಮೂಡಲಿಗೆ ಒಂದು ಮರಡಿ, ಕೆಂಪು ಗರಸಿನ ದಿಬ್ಬ. ಅದರ ತುಂಬ ಎದೆಮಟ್ಟದ ತಂಗಡಿ ಗಿಡ. ದೀಪಾವಳಿ ಹೊತ್ತಿಗೆ ಮರಡಿಗೆ ಮರಡಿಯೇ ಹೂ ಬಿಟ್ಟು ಹಳದಿಯಾಗುತ್ತಿತ್ತು. ಸುಗ್ಗಿ ಮುಗಿದ ಮೇಲೆ ಊರ ಹೆಂಗಸರು ಕುಡುಗೋಲು, ಕೊಡತಿ ಹಿಡಿದು ಅಲ್ಲಿಗೆ ಹತ್ತುವರು. ಕೊಂಬೆ ಕಡಿದು, ಕೊಡತಿಯಿಂದ ಬಡಿದು, ಸಡಿಲವಾದ ತೊಗಟೆಯನ್ನು ಉದ್ದಕ್ಕೆ ಸುಲಿದು, ಒಣಗಿಸಿ ಹೊರೆ ಕಟ್ಟಿದರೆ ಆ ಚಕ್ಕೆ ದಾವಣಗೆರೆಯ ಮಂಡಿಪೇಟೆಗೆ ಹೋಗುತ್ತಿತ್ತು. ಅಲ್ಲಿಂದ ತೊಗಲು ಹದ ಮಾಡುವ ಊರುಗಳಿಗೆ. ಬೇಸಿಗೆಯಲ್ಲಿ ಎಷ್ಟೋ ಮನೆಗಳ ಒಲೆ ಹೊತ್ತುತ್ತಿದ್ದದ್ದು ಆ ಕೆಲಸದಿಂದಲೇ. ಕಡಿದ ಗಿಡ ಮುಂಗಾರಿಗೆ ಮತ್ತೆ ಚಿಗುರುತ್ತಿತ್ತು. ಮರಡಿ ಬೋಳಾದದ್ದನ್ನು ಯಾರೂ ಕಂಡಿರಲಿಲ್ಲ.

ಕನ್ನಡ ರಾಜ್ಯ ಒಂದಾದ ವರ್ಷ, ಚಕ್ಕೆ ತೂಗಿಸಿಕೊಳ್ಳಲು ಬರುತ್ತಿದ್ದ ಮೇಸ್ತ್ರಿ ಓಬಯ್ಯ ಹೊಸ ಮಾತು ತಂದ.

“ಬರೀ ಕೊಂಬೆ ಯಾಕ ಸುಲೀತೀರಿ? ಬೇರಿನ ಚಕ್ಕೆ ದಪ್ಪ ಐತೆ, ತೂಕ ಬರ್ತೈತೆ. ಅಗೀರಿ, ಅದನ್ನೂ ತಗೋತೀವಿ.”

ಹೆಂಗಸರು ಕುಡುಗೋಲು ಬಿಟ್ಟು ಹಾರೆ ಹಿಡಿದರು. ಹಂಪವ್ವನ ಕೈ ಎಲ್ಲರಿಗಿಂತ ಜೋರು. ಗಿಡದ ಬುಡಕ್ಕೆ ಹಾರೆ ಹಾಕಿ, ಮೈಭಾರವೆಲ್ಲ ಬಿಟ್ಟು ಒಂದು ಸಲ ಮೀಟಿದಳೆಂದರೆ ತೋಳುದ್ದದ ಬೇರು ಮಣ್ಣು ಉದುರಿಸುತ್ತ ಎದ್ದು ಬರುತ್ತಿತ್ತು. ಎರಡು ವರ್ಷ ಕಳೆಯುವುದರೊಳಗೆ ಮರಡಿಯ ಪಡುವಣ ಇಳಿಜಾರು ಗುಂಡಿ ಗುಂಡಿಯಾಯಿತು. ಗಿಡ ಹುಡುಕಿಕೊಂಡು ಅವರು ಇನ್ನಷ್ಟು ಮೇಲೆ ಹತ್ತಿದರು.

ಆ ಇಳಿಜಾರಿನ ಕೆಳಗೇ ಹಂಪವ್ವನ ಎರಡೆಕರೆ ಹೊಲ. ಗಂಡ ಭರಮಣ್ಣ ಗುತ್ತೂರಿನ ಹತ್ತಿರದ ಕಾರ್ಖಾನೆಗೆ ಸೇರಿದ ಮೇಲೆ ಹೊಲ ಪೂರ್ತಿ ಅವಳ ಮೇಲೇ ಬಿದ್ದಿತ್ತು. ಎತ್ತು ಬಾಡಿಗೆಗೆ ತರಿಸಿ ಉಳುಮೆ ಮಾಡಿಸುವಳು, ಬಿತ್ತುವ ಕೂರಿಗೆಗೆ ಒಬ್ಬ ಆಳು ಕರೆಯುವಳು, ಮಿಕ್ಕಿದ್ದಕ್ಕೆಲ್ಲ ತನ್ನ ಎರಡು ಕೈ. ನವಣೆ ಬಿತ್ತಿ ನಡುನಡುವಿನ ಅಕ್ಕಡಿ ಸಾಲಿಗೆ ತೊಗರಿ ಹಾಕುತ್ತಿದ್ದಳು. ಹೊಟ್ಟೆಗೆ ಸಾಲುವಷ್ಟು ಬರುತ್ತಿತ್ತು.

ಬೇರು ಅಗೆಯಲು ಹತ್ತಿದ ಎರಡನೇ ಮಳೆಗಾಲದಲ್ಲಿ ಅದು ಬರಲಿಲ್ಲ. ಮರಡಿಯ ಮೇಲೆ ಬಿದ್ದ ಮಳೆ ಒಂದು ಗಳಿಗೆಯೂ ನಿಲ್ಲದೆ ಕೆಂಪು ನೀರಾಗಿ ಇಳಿದು, ಹೊಲದ ಮೇಲೆಲ್ಲ ಗರಸು ಹರಡಿ ಹಳ್ಳ ಸೇರಿತು. ಬಿಸಿಲು ಬಿದ್ದ ಕೂಡಲೇ ಮೇಲ್ಮಣ್ಣು ಹೆಪ್ಪುಗಟ್ಟಿ, ಎಷ್ಟೋ ಮೊಳಕೆ ಅದನ್ನು ಒಡೆಯಲಾರದೆ ಒಳಗೇ ಮುರುಟಿದವು. ಆಷಾಢದ ಗಾಳಿ ಇದ್ದಬದ್ದ ಹುಡಿಮಣ್ಣನ್ನೂ ಎತ್ತಿಕೊಂಡು ಹೋಯಿತು. ನವಣೆ ಮೊಣಕಾಲು ದಾಟಲಿಲ್ಲ. ತೆನೆ ಬೆರಳುದ್ದ ಬಂದವು, ಅದರಲ್ಲೂ ಅರ್ಧ ಜಳ್ಳು.

ಒಂದು ಕಡೆ ಮಾತ್ರ ಬೆಳೆ ಬೇರೆ ಥರ ನಿಂತಿತ್ತು. ಹೊಲದ ಮೂಲೆಯಲ್ಲಿ ಉಚ್ಚಂಗಮ್ಮನನ್ನು ಮಣ್ಣು ಮಾಡಿ ಆರು ವರ್ಷವಾಗಿತ್ತು. ಸಮಾಧಿಯ ಸುತ್ತ ಒಂದು ಬನ್ನಿ ಗಿಡ, ಹತ್ತು ಹನ್ನೆರಡು ತಂಗಡಿ ಗಿಡ. ಸತ್ತವರ ಜಾಗ ಎಂದು ಅಲ್ಲಿಗೆ ಯಾರೂ ಕುಡುಗೋಲು ತಂದಿರಲಿಲ್ಲ. ಅವುಗಳ ಅಂಚಿಗೆ ಬಿತ್ತಿದ ನವಣೆ ಸೊಂಟದೆತ್ತರ, ಕಪ್ಪು ಹಸಿರು, ತೆನೆ ಬಾಗಿ ತೂಗುತ್ತಿತ್ತು.

“ಅತ್ತೆ ಆಶೀರ್ವಾದ ಕಣವ್ವ” ಅಂದರು ಪಕ್ಕದ ಹೊಲದವರು.

ಅತ್ತೆ ಆಶೀರ್ವಾದ ಮಾಡುವವರ ಪೈಕಿ ಆಗಿರಲಿಲ್ಲ ಎಂದು ಹಂಪವ್ವನಿಗೆ ಗೊತ್ತಿತ್ತು. ಬದುಕಿದ್ದಾಗ ಒಂದು ಒಳ್ಳೆಯ ಮಾತಿಗೂ ಜಿಪುಣತನ ಮಾಡಿದ ಹೆಂಗಸು. ಕೊಯ್ಲಾದ ಮರುದಿನ ಹಂಪವ್ವ ಗುದ್ದಲಿ ತೆಗೆದುಕೊಂಡು ಹೋಗಿ ಹೊಲದ ನಡುವೆ ಒಂದು ಗೇಣು ಅಗೆದಳು. ಗುದ್ದಲಿ ಠಣ್ ಅಂತು. ಮಣ್ಣು ಹೆಂಟೆ ಹೆಂಟೆಯಾಗಿ ಎದ್ದಿತು, ಬೆರಳಲ್ಲಿ ಹಿಸುಕಿದರೆ ಇಟ್ಟಿಗೆ ಪುಡಿಯ ಹಾಗೆ ಒಣಗಿ ಉದುರಿತು. ಆಮೇಲೆ ಬನ್ನಿ ಗಿಡದ ಅಂಚಿಗೆ ಹೋಗಿ ಅಗೆದಳು. ಗುದ್ದಲಿ ತಾನಾಗಿ ಇಳಿಯಿತು. ಮೇಲೆ ಎರಡು ಬೆರಳು ದಪ್ಪ ಕೊಳೆತ ಎಲೆ, ಅದರ ಕೆಳಗೆ ಕಪ್ಪಗೆ ಕಾಳು ಕಾಳಾದ ಮಣ್ಣು, ಕೂದಲೆಳೆಯಂಥ ಬೇರು, ಇರುವೆ ಕೊರೆದ ತೂತು. ಮಳೆ ನಿಂತು ತಿಂಗಳಾಗಿದ್ದರೂ ಒಳಗೆ ಕೈಯಿಟ್ಟರೆ ತಣ್ಣಗಿತ್ತು. ಗಾಳಿ ಹೊತ್ತು ತಂದ ಹುಡಿಮಣ್ಣೂ ಗಿಡದ ಬುಡಕ್ಕೆ ತಡೆದು ಗುಡ್ಡೆಯಾಗಿತ್ತು. ತನ್ನ ಹೊಲದ ಮಣ್ಣೇ ಅದು. ಹಾರಿ ಹೋದದ್ದರಲ್ಲಿ ಇಷ್ಟನ್ನು ಈ ಗಿಡಗಳು ಹಿಡಿದಿಟ್ಟುಕೊಂಡಿದ್ದವು.

ಹಂಪವ್ವ ತಲೆ ಎತ್ತಿ ಮರಡಿ ನೋಡಿದಳು. ಒಂದೊಂದು ಗುಂಡಿಯೂ ಬಾಯಿ ತೆರೆದು ಕೂತಿತ್ತು. ಅದರಲ್ಲಿ ಎಷ್ಟು ಗುಂಡಿ ತನ್ನ ಹಾರೆಯದು ಎಂದು ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ಬಿಟ್ಟಳು. ಯಾರನ್ನು ಬೈಯುವುದು?

ಆ ವಾರ ರಜೆಗೆ ಬಂದ ಭರಮಣ್ಣ ಹೊಲ ಸುತ್ತಿ ಬಂದು, ಜಗಲಿ ಮೇಲೆ ಕೂತು ಹೇಳಿದ: “ಸಾಕು ಬಿಡು. ಗುತ್ತೂರಾಗ ಒಂದು ಖೋಲಿ ನೋಡ್ತೀನಿ. ಈ ಹೊಲ ಯಾರಿಗಾರ ಕೊಟ್ಟು ಹೋಗಾನ.”

“ಮಣ್ಣು ಕೆಡಿಸಿದ್ದು ನಾನು” ಅಂದಳು ಹಂಪವ್ವ. “ಕೆಡಿಸಿದ್ದನ್ನ ಇನ್ನೊಬ್ಬರ ಕೈಗೆ ಕೊಟ್ಟು ಹೆಂಗೆ ಹೋಗ್ಲಿ? ಸರಿ ಮಾಡ್ತೀನಿ.”

“ಮಣ್ಣು ಏನು ಹರಿದ ಸೀರೆಯಾ, ಹೊಲಿಯಾಕೆ?”

ಮರುದಿನ ಹಂಪವ್ವ ಎರಡು ಬಟ್ಟೆ ಚೂರುಗಳಲ್ಲಿ ಎರಡು ಕಡೆಯ ಮಣ್ಣು ಕಟ್ಟಿ, ಹರಿಹರದವರೆಗೆ ನಡೆದು, ಅಲ್ಲಿ ರೈಲು ಹತ್ತಿ ದಾವಣಗೆರೆಗೆ ಹೋದಳು.

ಮಂಡಿಪೇಟೆಯಲ್ಲಿ ಚಕ್ಕೆ ವ್ಯಾಪಾರಿ ಜಮಾಲುದ್ದೀನ್ ಸಾಬರ ಅಂಗಡಿ ಕೇಳಿಕೊಂಡು ಹುಡುಕುವುದು ಕಷ್ಟವಾಗಲಿಲ್ಲ. ತಂಗಡಿ ಚಕ್ಕೆಯ ಒಗರು ವಾಸನೆ ಮೂಗಿಗೇ ದಾರಿ ತೋರಿಸಿತು. ಓಬಯ್ಯ ತೂಗಿಸಿಕೊಂಡ ಚಕ್ಕೆಯೆಲ್ಲ ಬಂದು ಬೀಳುತ್ತಿದ್ದದ್ದು ಇಲ್ಲಿಗೆ. ಸಾಬರು ಅರವತ್ತು ದಾಟಿದವರು. ಬಿಳಿ ಗಡ್ಡ, ಮೂಗಿನ ತುದಿಗೆ ಕನ್ನಡಕ. ಹೆಂಗಸೊಬ್ಬಳು ಹಳ್ಳಿಯಿಂದ ಒಬ್ಬಳೇ ಬಂದದ್ದು ನೋಡಿ, “ಬಾರಮ್ಮ, ಕೂಡ್ರು. ಯಾವೂರು?” ಅಂದರು.

ಹಂಪವ್ವ ಕೂಡ್ರಲಿಲ್ಲ. ಊರು, ಹೆಸರು ಹೇಳಿ, ಎರಡು ಗಂಟು ಬಿಚ್ಚಿ ಅವರ ಮುಂದಿನ ಹಲಗೆಯ ಮೇಲಿಟ್ಟಳು.

“ಸಾಬ್ರೆ, ಎರಡೂ ನಮ್ಮ ಹೊಲದ ಮಣ್ಣೇ. ಇದು ಗಿಡದ ಬುಡದ್ದು. ಇದು ಬಯಲಿಂದು. ಎರಡರ ಮ್ಯಾಲೂ ಒಂದೀಟು ನೀರು ಹಾಕ್ರಿ.”

ಸಾಬರಿಗೆ ತಮಾಷೆ ಅನ್ನಿಸಿರಬೇಕು. ಪಕ್ಕದಲ್ಲಿದ್ದ ಹೂಜಿ ಎತ್ತಿ ಹನಿಸಿದರು. ಬಯಲ ಮಣ್ಣಿನ ಮೇಲೆ ನೀರು ಕೆಸರಾಗಿ ನಿಂತು, ಬಟ್ಟೆಯ ಅಂಚು ದಾಟಿ ಹಲಗೆ ಮೇಲೆ ಹರಿಯಿತು. ಗಿಡದ ಬುಡದ ಮಣ್ಣು ಎಲ್ಲ ನೀರನ್ನೂ ಕುಡಿದು ಸುಮ್ಮನೆ ಕೂತಿತು.

“ನಿಮ್ಮ ಓಬಯ್ಯ ಬೇರು ಅಗೀರಿ ಅಂದ. ನಾವು ಅಗದ್ವಿ. ಗಿಡ ಹೋತು, ಮಣ್ಣೂ ಹಿಂಗಾತು.”

ಸಾಬರು ಕನ್ನಡಕ ತೆಗೆದು ಒರೆಸಿಕೊಂಡರು. “ನೋಡಮ್ಮ, ವ್ಯಾಪಾರ ಅಂದ್ಮ್ಯಾಲೆ ತೂಕ ನೋಡಬೇಕಾಗ್ತೈತೆ. ನಾನು ಬೇರು ಬ್ಯಾಡ ಅಂದ್ರೆ ಇನ್ನೊಬ್ಬ ತಗೋತಾನೆ.”

“ತಗೊಳ್ಳಿ. ಇನ್ನು ಎರಡು ವರ್ಷ ತಗೋತಾನೆ. ಆಮ್ಯಾಲೆ ಮರಡಿ ಮ್ಯಾಲೆ ಒಂದು ಗಿಡನೂ ಇರಾಂಗಿಲ್ಲ. ಆಗ ಅವನೂ ಏನು ತಗೋತಾನೆ, ನೀವೂ ಏನು ತಗೋತೀರಿ? ಕೊಂಬೆ ಕಡಿದ್ರೆ ಗಿಡ ಮತ್ತೆ ಕೊಡ್ತೈತೆ ಸಾಬ್ರೆ. ಬೇರು ಒಂದೇ ಸಲ.”

ಒಳಗಿನ ಚಕ್ಕೆ ರಾಶಿಯ ಕಡೆಗೆ ಸಾಬರ ಕಣ್ಣು ಹೋಯಿತು. ಕೆಲವು ಊರುಗಳಿಂದ ಮಾಲು ಬರುವುದು ಆಗಲೇ ನಿಂತಿತ್ತು. ಯಾಕೆಂದು ಅವರು ಓಬಯ್ಯನನ್ನು ಕೇಳಿರಲಿಲ್ಲ.

“ಯುಗಾದಿ ತನಕ ತೆಗೆದದ್ದನ್ನ ತಗೋತೀನಿ” ಅಂದರು ಕೊನೆಗೆ. “ಆಮ್ಯಾಲೆ ನಿಮ್ಮ ಕಡೆಯಿಂದ ಬೇರು ಮುಟ್ಟಾಂಗಿಲ್ಲ ಅಂತ ಓಬಯ್ಯಗೆ ಹೇಳ್ತೀನಿ. ಆದ್ರೆ ಹೆಂಗಸ್ರು ಸಿಟ್ಟಾಗ್ತಾರೆ. ಅವರನ್ನ ಸಮಾಧಾನ ಮಾಡೋದು ನಿನ್ನ ಕೆಲಸ, ನಂದಲ್ಲ.”

ಅದು ಎಂಥ ಕೆಲಸ ಎಂದು ಮರಡಿ ಹತ್ತಿದ ದಿನ ತಿಳಿಯಿತು. ಒಂಬತ್ತು ಜನ ಹೆಂಗಸರು ಅಗೆಯುತ್ತಿದ್ದರು. ಹಂಪವ್ವ ತನ್ನ ಹಾರೆ ತಂದಿರಲಿಲ್ಲ. ಮಣ್ಣಿನ ಕಥೆ ಹೇಳಿದಳು, ಸಾಬರ ಮಾತು ಹೇಳಿದಳು. ಎಲ್ಲರೂ ಹಾರೆ ನಿಲ್ಲಿಸಿ ಕೇಳಿದರು. ಮರಿಯವ್ವ ಮಾತ್ರ ಅಗೆಯುತ್ತಲೇ ಇದ್ದಳು. ಹಂಪವ್ವನಿಗಿಂತ ಹತ್ತು ವರ್ಷ ದೊಡ್ಡವಳು, ಗಂಡ ಸತ್ತು ಬಹಳ ವರ್ಷವಾಗಿತ್ತು. ಹೊಲವಿಲ್ಲ, ದನವಿಲ್ಲ. ಮದುವೆಗೆ ಬಂದ ಒಬ್ಬ ಮಗಳು ಮನೆಯಲ್ಲಿದ್ದಳು.

ಬೇರು ಕಿತ್ತು ಬಿಸಾಕಿ ಮರಿಯವ್ವ ಸೊಂಟ ನೆಟ್ಟಗೆ ಮಾಡಿದಳು.

“ನಿನ್ನ ಗಂಡ ತಿಂಗ್ಳಾ ಪಗಾರ ತರ್ತಾನೆ. ನಿನ್ನ ಮಣ್ಣು ಕೆಟ್ರೆ ಪಗಾರ ಐತೆ. ನನ್ನ ಹಾರೆ ನಿಂತ್ರೆ ನನಗೇನೈತೆ, ಹೇಳು?”

“ನನ್ನ ಹೊಲದಾಗ ಪಾಲಿಗೆ ಬಾ ಮರಿಯಕ್ಕ. ಇಬ್ರೂ ಸಮಸಮ ದುಡಿಯಾನ, ಬಂದದ್ರಾಗ ಅರ್ಧ ಅರ್ಧ.”

“ಕಲ್ಲು ಬೆಳೆಯೋ ಹೊಲದಾಗ ಅರ್ಧ!” ಮರಿಯವ್ವ ನಕ್ಕಳು. ಜೊತೆಯವರೂ ನಕ್ಕರು. ಆದರೆ ಆ ನಗೆಯಲ್ಲಿ ಅಂಥ ಬಲವಿರಲಿಲ್ಲ ಎಂದು ಹಂಪವ್ವನಿಗೆ ಅನ್ನಿಸಿತು. ಮರಿಯವ್ವನ ಪ್ರಶ್ನೆಗೆ ತಾನು ಪೂರ್ತಿ ಉತ್ತರ ಕೊಟ್ಟಿಲ್ಲ ಎಂದೂ ಅನ್ನಿಸಿತು. ಅವಳು ಇಳಿದು ಬಂದಳು.

ಅಂದಿನಿಂದ ಒಬ್ಬಳೇ ಶುರು ಮಾಡಿದಳು. ಇಳಿಜಾರಿಗೆ ಅಡ್ಡಲಾಗಿ ಹೊಲದಲ್ಲಿ ಐದು ಕಡೆ ಬದು ಹಾಕಿದಳು. ಗರಸಿನ ಕಲ್ಲನ್ನೇ ಆಯ್ದು ಕೆಳಗಿಟ್ಟು, ಮೇಲೆ ಮಣ್ಣು ಎಳೆದಳು. ಬುಟ್ಟಿ ಹೊತ್ತು ಹೊತ್ತು ನೆತ್ತಿಯ ಕೂದಲು ಸವೆಯಿತು. ಬದುವಿನ ಉದ್ದಕ್ಕೂ ತಂಗಡಿ ಎಬ್ಬಿಸಬೇಕು ಎಂಬುದು ಅವಳ ಯೋಚನೆ. ಆ ಗಿಡಕ್ಕೆ ಕುರಿ, ಆಡು ಬಾಯಿ ಹಾಕುವುದಿಲ್ಲ, ಕಾಯುವ ಕೆಲಸವಿಲ್ಲ. ನಡುನಡುವೆ ಬನ್ನಿ. ಅತ್ತೆಯ ಸಮಾಧಿ ಸುತ್ತಲಿನ ಗಿಡಗಳಿಂದ ಕಾಯಿ ಬಿಡಿಸಿ ಬೀಜ ತೆಗೆದು, ರೋಹಿಣಿ ಮಳೆಗೆ ಬದುವಿಗೆಲ್ಲ ಊರಿದಳು. ಮಳೆ ಚೆನ್ನಾಗಿ ಬಿತ್ತು. ಹದಿನೈದು ದಿನವಾದರೂ ಒಂದು ಮೊಳಕೆ ಕಾಣಲಿಲ್ಲ. ಬೀಜ ಕೆದಕಿ ತೆಗೆದು ನೋಡಿದರೆ ಊರಿದ ದಿನ ಹೇಗಿತ್ತೋ ಹಾಗೇ ಗಟ್ಟಿಯಾಗಿ ಹೊಳೆಯುತ್ತಿತ್ತು.

ಎರಡನೇ ಸಲ ಊರುತ್ತಿದ್ದ ದಿನ ಮರಿಯವ್ವ ಬದು ದಾಟಿ ಬಿರುಗಾಳಿಯಂತೆ ಬಂದಳು. ಯುಗಾದಿ ಕಳೆದ ಮೇಲೂ ಅಗೆದಿದ್ದ ಅವಳ ಬೇರಿನ ಹೊರೆಯನ್ನು ಓಬಯ್ಯ ತಕ್ಕಡಿಗೇ ಹಾಕದೆ ತಳ್ಳಿದ್ದ.

“ನಿನ್ನ ಬಾಯಿಗೆ ಮಣ್ಣು ಬೀಳಾ! ನಾಲ್ಕು ದಿನ ಅಗೆದಿದ್ದು ರಸ್ತ್ಯಾಗ ಬಿದ್ದೈತೆ. ಯಾರ್ ಮನೆ ಅನ್ನ ಕಿತ್ತು ನೀನು ದೊಡ್ಡೋಳಾಗಬೇಕು ಅಂತೀ?” ಬೈಗಳು ಇನ್ನೂ ಬೇಕಾದಷ್ಟಿದ್ದವು. ಹಂಪವ್ವ ಕೂತಲ್ಲೇ ಕೂತು ಎಲ್ಲವನ್ನೂ ಕೇಳಿದಳು. ಕೈ ಮಾತ್ರ ಬೀಜ ಊರುತ್ತಿತ್ತು.

ಮರಿಯವ್ವನ ಕಣ್ಣು ಆ ಕೈಯ ಮೇಲೆ ಬಿತ್ತು. ಬೈಗಳು ಅರ್ಧಕ್ಕೆ ನಿಂತವು.

“ಏನ್ ಮಾಡ್ತಿದ್ದೀ?”

“ತಂಗಡಿ ಊರ್ತಿದ್ದೀನಿ.”

“ಹಂಗೆ ಇಡೀ ಬೀಜ ಊರಿದ್ರೆ ಹುಟ್ತೈತಾ, ಮಂಗ್ಯಾ? ಇಷ್ಟು ವರ್ಷ ಮರಡಿ ತುಳಿದೀಯಲ್ಲ, ಸಸಿ ಎಲ್ಲಿ ಏಳ್ತಾವೆ ಅಂತ ಒಂದಿನಾನೂ ನೋಡಿಲ್ಲೇನು? ಬಂಡಿ ಜಾಡಿನಾಗ ಏಳ್ತಾವೆ. ಗಾಲಿ ಹತ್ತಿ ಬೀಜದ ಸಿಪ್ಪೆ ಜಜ್ಜಿರ್ತೈತೆ, ಅದಕ್ಕೆ. ಕೊಡಿಲ್ಲಿ!”

ಉಳಿದ ಬೀಜ ಕಿತ್ತುಕೊಂಡವಳು ಊರಿಗೆ ಹೋಗುವ ತನಕ ಬಾಯಿ ಮುಚ್ಚಲಿಲ್ಲ. ಹಂಪವ್ವ ಹಿಂದೆ ಹಿಂದೆ ಹೋದಳು. ಮರಿಯವ್ವ ತನ್ನ ಬೀಸುಕಲ್ಲಿಗೆ ಒಂದು ಹಿಡಿ ಮರಳು, ಒಂದು ಹಿಡಿ ಬೀಜ ಹಾಕಿ, ಕಲ್ಲನ್ನು ಎರಡೇ ಸುತ್ತು ಹಗುರಾಗಿ ತಿರುಗಿಸಿದಳು. ಬೀಜದ ಹೊಳಪು ಹೋಗಿ ಮೈ ಕೆರೆದಿತ್ತು. ಒಂದು ಹಗಲು ನೀರಲ್ಲಿಟ್ಟರು. ಸಂಜೆಗೆ ಬೀಜ ಉಬ್ಬಿದವು.

“ಪಾಲಿನ ಮಾತು ಖರೇನಾ?” ಎಂದು ಮರಿಯವ್ವ ನೀರಲ್ಲಿ ಕೈಯಾಡಿಸುತ್ತ ಕೇಳಿದಳು.

“ಖರೇ. ಬದುವಿನ ತಂಗಡಿ ಬಲಿತ ಮ್ಯಾಲೆ ಅದರ ಚಕ್ಕೆ ಪೂರ್ತಿ ನಿಂದು. ಆದ್ರೆ ಬುಡ ಬಿಟ್ಟು ಒಂದು ಗೇಣು ಮ್ಯಾಲೆ ಕಡೀಬೇಕು. ಸೊಪ್ಪು ಹೊಲಕ್ಕೆ.”

ಏಳನೇ ದಿನಕ್ಕೆ ಬದುವಿನ ಮೇಲೆ ಎರಡೆರಡು ಎಲೆಯ ಸಾಲು ಎದ್ದಿತು.

ಹಾಗೆಂದು ಹೊಲ ತಕ್ಷಣ ಕೈ ಹಿಡಿಯಲಿಲ್ಲ. ಮೊದಲ ವರ್ಷ ಬದು ತಿಂದ ಜಾಗ ಕಳೆದು ಬೆಳೆ ಇನ್ನೂ ಕಡಿಮೆಯೇ ಬಂತು. ಮರಿಯವ್ವನ ಮಗಳು ಬೇರೆಯವರ ಹೊಲಕ್ಕೆ ಕೂಲಿಗೆ ಹೋಗಬೇಕಾಯಿತು. ಭರಮಣ್ಣ ಮತ್ತೆ ಖೋಲಿಯ ಮಾತು ತೆಗೆದ. “ಇನ್ನೆರಡು ಮುಂಗಾರು ನೋಡ್ರಿ” ಎಂದಳು ಹಂಪವ್ವ. ಎರಡನೇ ವರ್ಷ ಗಿಡ ಸೊಂಟಕ್ಕೆ ಬಂದವು. ಬದುವಿನ ಪಕ್ಕದ ಎರಡು ಸಾಲು ನವಣೆ ಸಪ್ಪಗಾಯಿತು, ಗಿಡವೇ ನೀರು ಎಳೆದುಕೊಳ್ಳುತ್ತಿತ್ತು. ಅತ್ತೆಯ ಸಮಾಧಿ ಬಳಿಯ ಹಾಗೆ ನೀರು ಹಿಡಿಯುವ ಕಪ್ಪು ಮಣ್ಣು ಇಲ್ಲಿ ಇನ್ನೂ ಕೂಡಿರಲಿಲ್ಲ. ಮರಿಯವ್ವ ಬಾಯಿ ಬಿಡುವ ಮೊದಲೇ ಹಂಪವ್ವ ಉಪಾಯ ಹುಡುಕಿದ್ದಳು. ಬಿತ್ತನೆಗೆ ಮುಂಚೆ ಗಿಡದ ರೆಂಬೆಯನ್ನೆಲ್ಲ ಸವರಬೇಕು, ನೇಗಿಲನ್ನು ಬದುವಿನ ಪಕ್ಕಕ್ಕೆ ಒತ್ತಿ ಹೊಡೆದು ಅಡ್ಡ ಬೇರು ಹರಿಯಬೇಕು, ಕೆಳಗಿಳಿದ ಬೇರು ಮುಟ್ಟಬಾರದು. ವೈಶಾಖದ ಕೊನೆಗೆ ಸೊಪ್ಪು ಸವರಿ ಹೊಲದ ತುಂಬ ಹಾಸಿದರು. ಮೊದಲ ಮಳೆಗೆ ನೆನೆದ ಸೊಪ್ಪನ್ನು ಉತ್ತು ಮಣ್ಣಿಗೆ ಸೇರಿಸಿದರು. ಬದುವಿನ ಮೇಲ್ಮಗ್ಗುಲಲ್ಲಿ ಪ್ರತಿ ಮಳೆಗೂ ಒಂದಿಷ್ಟು ಮೆಕ್ಕಲು ಕೂರತೊಡಗಿತು.

ಮೂರನೇ ವರ್ಷ ಮೃಗಶಿರ ಮಳೆ ಚೆನ್ನಾಗಿ ಬಂದು ನವಣೆ ಎದ್ದಿತು. ತೆನೆ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟಿತು. ಹನ್ನೆರಡು ದಿನ, ಹದಿನೈದು ದಿನ. ಸುತ್ತಲ ಹೊಲಗಳಲ್ಲಿ ಎಲೆ ಸುರುಳಿ ಸುತ್ತಿ ಬೆಳ್ಳಗಾಯಿತು. ಹಂಪವ್ವ, ಮರಿಯವ್ವ ದಿನಾ ಬೆಳಿಗ್ಗೆ ಹೋಗಿ ಬೆರಳು ಊರಿ ನೋಡುವರು. ಮೇಲೆ ಒಣಗಿದ್ದರೂ ಬೆರಳಿನ ಎರಡನೇ ಗೆಣ್ಣಿಗೆ ತಂಪು ತಾಗುತ್ತಿತ್ತು. ಹದಿನೆಂಟನೇ ದಿನ ಹೊಲದ ನಡುವಿನ ಬೆಳೆಯೂ ಬಾಡತೊಡಗಿತು. ಮರಿಯವ್ವ ಬದುವಿನ ಮೇಲೆ ಕುಕ್ಕರಿಸಿ ಸೆರಗು ಬಾಯಿಗೆ ಒತ್ತಿಕೊಂಡಳು.

“ಏಳು ಅಕ್ಕ” ಅಂದಳು ಹಂಪವ್ವ. “ಕೂತ್ರೆ ಏನೂ ಆಗಲ್ಲ. ಸೊಪ್ಪು ತಾ. ಸಾಲಿನ ನಡುವೆ ಮುಚ್ಚಾನ, ಬಿಸಿಲು ತಾಗದ ಹಂಗೆ.”

ಇಬ್ಬರೂ ಉರಿಬಿಸಿಲಲ್ಲಿ ಎರಡು ದಿನ ತಂಗಡಿ ಚಿಗುರು ಸವರಿ ಸಾಲು ಸಾಲಿಗೆ ಹೊದಿಸಿದರು. ಮರಿಯವ್ವನ ಮಗಳೂ ಕೂಲಿ ಬಿಟ್ಟು ಬಂದಳು. ಇಪ್ಪತ್ತೆರಡನೇ ದಿನ ಮಧ್ಯಾಹ್ನ ಮೋಡ ಕವಿದು ಮಳೆ ಹೊಯ್ಯಿತು. ಊರಿನ ಅರ್ಧ ಹೊಲಗಳಿಗೆ ಅದು ತಡವಾಗಿತ್ತು. ಇವರ ಬೆಳೆ ಎರಡು ದಿನದಲ್ಲಿ ಕತ್ತೆತ್ತಿತು. ರಾಶಿ ಮಾಡಿದಾಗ ಬಂದದ್ದು ಭಾರೀ ಬೆಳೆಯೇನಲ್ಲ. ಆದರೆ ಕಾಳು ಗಟ್ಟಿಯಿತ್ತು, ಎರಡು ಮನೆಗೆ ವರ್ಷದ ಊಟಕ್ಕೆ ಆಯಿತು. ಭರಮಣ್ಣ ಗುತ್ತೂರಿನಿಂದ ಬಂದವನು ರಾಶಿಯ ಪಕ್ಕ ಕೂತು ಕಾಳನ್ನು ಕೈಯಿಂದ ಕೈಗೆ ಸುರಿದುಕೊಂಡ. ಖೋಲಿಯ ಮಾತು ಆಮೇಲೆ ಬರಲಿಲ್ಲ. ಮುಂದಿನ ಭಾನುವಾರ ತಾನೇ ಗುದ್ದಲಿ ಹಿಡಿದು ಕಿತ್ತುಹೋಗಿದ್ದ ಬದು ಸರಿ ಮಾಡಿದ.

ಮರಿಯವ್ವ ಬದುವಿನ ಗಿಡಗಳಿಂದ ಮೊದಲ ಚಕ್ಕೆ ಸುಲಿದ ಬೇಸಿಗೆಯಲ್ಲಿ ಜಮಾಲುದ್ದೀನ್ ಸಾಬರು ತಾವೇ ಬಂಡಿ ಮಾಡಿಸಿಕೊಂಡು ಬಂದರು. ಬೇರೆ ಕಡೆ ಮಾಲು ಸಿಗುವುದು ನಿಂತೇ ಹೋಗಿತ್ತು. ಚಕ್ಕೆ ಬಗ್ಗಿಸಿ ನೋಡಿ, “ಒಳ್ಳೇ ಮಾಲು” ಅಂದರು. ಆಮೇಲೆ ಬದುವಿನ ಪಕ್ಕ ಬಗ್ಗಿ ಒಂದು ಹಿಡಿ ಮಣ್ಣೆತ್ತಿ ಬಹಳ ಹೊತ್ತು ಅಂಗೈಯಲ್ಲಿ ಉಜ್ಜುತ್ತ ನಿಂತರು.

ಅವರು ಹೋದ ಮರುದಿನ ಮರಡಿಗೆ ಹೋಗುತ್ತಿದ್ದ ಹೆಂಗಸರೆಲ್ಲ ಹಂಪವ್ವನ ಹೊಲಕ್ಕೆ ಬಂದರು. ಮೇಲೆ ಉಳಿದಿದ್ದ ಗಿಡಗಳೂ ಸೊರಗಿದ್ದವು, ಕೆಲವೇ ಗಿಡಗಳಿಗೆ ಎಲ್ಲರೂ ಬಿದ್ದು, ಚಿಗುರು ಬಲಿಯುವ ಮೊದಲೇ ಮತ್ತೆ ಮತ್ತೆ ಕಡಿಯುತ್ತಿದ್ದರು. ಏನು ಮಾಡೋಣ ಎಂದು ಕೇಳಿದರು.

“ಮರಡಿನ ಎರಡು ಪಾಲು ಮಾಡಾನ” ಅಂದಳು ಹಂಪವ್ವ. “ಒಂದು ಪಾಲು ಎರಡು ವರ್ಷ ಯಾರೂ ಮುಟ್ಟಬಾರ್ದು. ಗುಂಡಿಗೆಲ್ಲ ಬೀಜ ಹಾಕಾನ. ಬೀಸುಕಲ್ಲಿನ ವಿದ್ಯೆ ಮರಿಯಕ್ಕ ಹೇಳಿಕೊಡ್ತಾಳೆ.”

ಎಲ್ಲರೂ ಮರಡಿ ಹತ್ತಿದರು. ಯಾವ ಪಾಲು ಬಿಡುವುದು ಎಂಬುದಕ್ಕೆ ಜಗಳ ಹತ್ತಿತು. ಕೆಳಗಿನದು ಊರಿಗೆ ಹತ್ತಿರ, ಹೊರೆ ಹೊರಲು ಸುಲಭ, ಅದನ್ನು ಬಿಡಲು ಯಾರಿಗೂ ಮನಸ್ಸಿಲ್ಲ. ಮೇಲೆ ಗಿಡ ಹೆಚ್ಚು, ಅದನ್ನೂ ಬಿಡಲು ಮನಸ್ಸಿಲ್ಲ. ಮರಿಯವ್ವ ಎಲ್ಲರಿಗಿಂತ ಗಟ್ಟಿಯಾಗಿ ಕೂಗುತ್ತಿದ್ದಳು.

ಹಂಪವ್ವ ಒಂದು ಕಲ್ಲು ಎತ್ತಿ ಇಳಿಜಾರಿನ ನಡುವೆ ಗಡಿಯ ಗುರುತಿಗೆ ಇಟ್ಟಳು. ಹತ್ತು ಹೆಜ್ಜೆ ಆಚೆ ಇನ್ನೊಂದು.

“ಮ್ಯಾಲಿನದು ಬಿಡ್ರಿ” ಅಂದಳು. “ನೀರು ಮ್ಯಾಲಿಂದ ಇಳಿಯಾದು, ಅಲ್ಲೇ ತಡೀಬೇಕು.”

ಮೂರನೇ ಕಲ್ಲನ್ನು ಮರಿಯವ್ವ ತಂದಳು.